ಕೊಡೈಕೆನಾಲಿನ ಶಾಲೆ ಯಾರಿಗಾಗಿ?

ತಮಿಳುನಾಡಿನ ಕೊಡೈಕೆನಾಲಿನಲ್ಲಿ 1901ರಲ್ಲಿ ಹಳೆಯ ಹೋಟೆಲೊಂದರ ಕಟ್ಟಡದಲ್ಲಿ ಆರಂಭವಾದ ಹೈಕ್ಲರ್ಕ್ ಶಾಲೆಯು, ಬೆಟ್ಟದ ಕೆಳಗಿನ ಬಿಸಿಲೂರುಗಳಲ್ಲಿ ದುಡಿಯುತ್ತಿದ್ದ ಅಮೆರಿಕನ್ ಮಿಷನರಿಗಳ ಮಕ್ಕಳು ಇಲ್ಲಿ ಬೆಳೆದರೂ ತಮ್ಮ ದೇಶದ ಓದಿಗೆ ಹೊರಗಿನವರಾಗದಿರಲೆಂದು ರೂಪುಗೊಂಡ ವ್ಯವಸ್ಥೆಯಾಗಿತ್ತು. ಅದೇ ಇಂದಿನ ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಸ್ಕೂಲ್. 1970ರ ದಶಕದಲ್ಲಿ ಅದು ಭಾರತದ ಹಾಗೂ ಇತರ ದೇಶಗಳ ಮಕ್ಕಳಿಗೆ ವ್ಯಾಪಕವಾಗಿ ತೆರೆದುಕೊಂಡು, 1976ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಅನ್ನು, ಅಂದರೆ ಯಾವುದೇ ಒಂದು ದೇಶದ ಪರೀಕ್ಷಾ ಮಂಡಳಿಗೆ ಸೇರದೆ ಹಲವು ದೇಶಗಳ ವಿಶ್ವವಿದ್ಯಾಲಯಗಳ ಮನ್ನಣೆ ಪಡೆದ, ಜಿನೀವಾ ಮೂಲದ ಪಠ್ಯಕ್ರಮವನ್ನು, ಭಾರತಕ್ಕೆ ಮೊದಲಿಗೆ ತಂದಿತು. ಇಲ್ಲಿ ಕಾಣುವ ತಿರುವುಮುರುವು ಸ್ವಾರಸ್ಯಕರವಾದುದು: ಪರದೇಶದ ಮಕ್ಕಳನ್ನು ಅವರ ತಾಯ್ನಾಡಿಗೆ ಮರಳಲು ಸಜ್ಜುಗೊಳಿಸುತ್ತಿದ್ದ ಶಿಕ್ಷಣಕ್ರಮವನ್ನೇ ಈಗ ಈ ನೆಲದ ಅನೇಕ ಪೋಷಕರು (ಶುಲ್ಕ ಭರಿಸಬಲ್ಲವರು ಎಂಬುದನ್ನು ಸೇರಿಸಲೇಬೇಕು) ತಮ್ಮ ಮಕ್ಕಳು ಹೊರದೇಶಕ್ಕೆ ಹೋಗಲು ನೆರವಾದೀತೆಂಬ ನಿರೀಕ್ಷೆಯಿಂದ ಆಯ್ದುಕೊಳ್ಳುತ್ತಾರೆ. ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗಳ ವಿಷಯದಲ್ಲೂ ಈ ಮಾತು ಒಪ್ಪುತ್ತದೆಯೇ ಎಂಬುದನ್ನು ಅಲ್ಲಿ ಓದಿದವರು, ಮಕ್ಕಳನ್ನು ಓದಿಸುತ್ತಿರುವವರು ತಿಳಿಸಿದರೆ ಚರ್ಚೆ ಮುಂದುವರಿದೀತು.