ರಾತ್ರಿ ಪಾಳಿಯವರು ಮಲಗ್ಯಾರ

ಪುಣೆಯ ಪಕ್ಕದ ಚಿಂಚವಾಡಗಾವ್‌ನ ನಮ್ಮ ಚಾಳಿನಲ್ಲಿ ಹನ್ನೆರಡು ಖೋಲಿಗಳಿದ್ದವು. ಯಾವ ಖೋಲಿಯ ಕಿಟಕಿಯಲ್ಲಿ ತೊಳೆದ ಊಟದ ಡಬ್ಬಿ ಬೋರಲು ಹಾಕಿರುತ್ತಿತ್ತೋ ಆ ಮನೆಯ ಗಂಡಸು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾನೆಂದು ಅರ್ಥ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಡಬ್ಬಿ ಕಂಡರೆ ಸಾಕು, ನಮ್ಮ ಗೋಲಿ, ಚಿಣಿದಾಂಡು ಎಲ್ಲ ಪವನಾ ಹೊಳೆಯ ಕಡೆ ಹೊರಡುತ್ತಿದ್ದವು. ನಳದ ಕೆಳಗೆ ಯಾರಾದರೂ ಕೊಡ ಧಡ್ ಅಂತ ಇಟ್ಟರೆ ಎದುರು ಖೋಲಿಯ ವಹಿನಿ ತುಟಿಯ ಮೇಲೆ ಬೆರಳಿಟ್ಟು "ಹಳೂ, ಹಳೂ" ಅನ್ನುತ್ತಿದ್ದರು. ನಮ್ಮವ್ವನದಂತೂ ದಿನಕ್ಕೆ ಹತ್ತು ಸಲ ಒಂದೇ ಮಾತು: "ಸುಮ್ಮನಿರ್ರಿ, ರಾತ್ರಿ ಪಾಳಿಯವರು ಮಲಗ್ಯಾರ."

1972ರ ಬರದಲ್ಲಿ ಅಪ್ಪ ವಿಜಾಪುರದ ಕಡೆಯ ಹಳ್ಳಿ ಬಿಟ್ಟು ಇಲ್ಲಿಗೆ ಬಂದಿದ್ದ. ಆಗಲೇ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ನಡೆಯುತ್ತಿತ್ತು, ಟೆಲ್ಕೊ ಬಂದಿತ್ತು, ಆಕುರ್ಡಿಯಲ್ಲಿ ಬಜಾಜ್ ಇತ್ತು. ಅವುಗಳ ಸುತ್ತ ನೂರಾರು ಸಣ್ಣ ಕಾರ್ಖಾನೆಗಳು. ಅಂಥದೊಂದು ಪ್ರೆಸ್ ಶಾಪಿನಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು. ತಗಡಿನ ಮೇಲೆ ದಿನವಿಡೀ ಕಬ್ಬಿಣ ಬೀಳುವ ಜಾಗ. ಅಪ್ಪ ಕಿವಿಗೆ ಅರಳೆ ತುರುಕಿಕೊಂಡು ಹೋಗುತ್ತಿದ್ದ. ಸಂಜೆ ಬಂದು ಅರಳೆ ತೆಗೆದು ಕಟ್ಟೆಯ ಮೇಲೆ ಅರ್ಧ ತಾಸು ಸುಮ್ಮನೆ ಕೂಡುತ್ತಿದ್ದ. ಆ ಹೊತ್ತಿಗೆ ಮೋರಯಾ ಗೋಸಾವಿ ಮಂದಿರದ ಆರತಿಯ ಗಂಟೆ ಹೊಳೆಯ ಮೇಲಿನಿಂದ ತೇಲಿಕೊಂಡು ಬರುತ್ತಿತ್ತು. ಗಾಳಿ ಈ ಕಡೆಗಿದ್ದರೆ ಲೋಣಾವಳಾ ಲೋಕಲ್ಲು ಸ್ಟೇಷನ್ ಬಿಟ್ಟ ಸದ್ದೂ ಕೇಳುತ್ತಿತ್ತು.

ಊರು ಆಗಲೂ ಸದ್ದಿನದೇ. ಆದರೆ ಆ ಸದ್ದಿಗೊಂದು ಹೊತ್ತಿತ್ತು, ಒಂದು ಗೇಟಿತ್ತು. ಕಂಪನಿಯ ಭೋಂಗಾ ಪಾಳಿ ಬದಲಾಗುವಾಗ ಕೂಗಿ ಸುಮ್ಮನಾಗುತ್ತಿತ್ತು. ಅದನ್ನು ಕೇಳಿ ಅವ್ವ ಅಕ್ಕಿ ತೊಳೆಯುತ್ತಿದ್ದಳು, ನಾವು ಸಾಲಿಗೆ ಓಡುತ್ತಿದ್ದೆವು. ಆಷಾಢ ವಾರಿಯ ಯಾತ್ರೆಗೆ ದೇಹುವಿನಿಂದ ಹೊರಟ ತುಕಾರಾಮ ಮಹಾರಾಜರ ಪಾಲಖಿ ಆಕುರ್ಡಿಯ ವಿಠ್ಠಲ ಮಂದಿರದಲ್ಲಿ ತಂಗುವಾಗ ಅಪ್ಪ ನಮ್ಮನ್ನು ಕರೆದೊಯ್ಯುತ್ತಿದ್ದ. ಕಣ್ಣು ಹಾಯಿಸಿದಷ್ಟೂ ಜನ, ಕೈಯಲ್ಲಿ ತಾಳ, ಕೊರಳಲ್ಲಿ ಮೃದಂಗ. ಅಷ್ಟು ಜನರ ನಡುವೆಯೂ ಪಕ್ಕದ ಮುದುಕಿ ಹಾಡುತ್ತಿದ್ದ ಅಭಂಗದ ಶಬ್ದಗಳು ಬಿಡಿಬಿಡಿಯಾಗಿ ಕೇಳುತ್ತಿದ್ದವು.

ಚಾಳಿನಲ್ಲಿ ಇನ್ನೊಂದು ಸದ್ದು ನಮ್ಮದೇ ಆಗಿತ್ತು, ಜೋಳದ ರೊಟ್ಟಿ ಬಡಿಯುವ ಸದ್ದು. ಗೋಡೆಯ ಆಚೆ ಮಲಗಿದವರಿಗೆ ಅದು ಎದೆಗೇ ಬಡಿದಂತಾಗುತ್ತದೆಂದು ಅವ್ವ ಗೋಣಿತಾಟನ್ನು ನಾಲ್ಕು ಮಡಿಕೆ ಮಾಡಿ ಪರಾತದ ಕೆಳಗೆ ಹಾಸುತ್ತಿದ್ದಳು. ಅಂಗೈಯನ್ನು ಎತ್ತರಕ್ಕೆ ಎತ್ತದೆ, ಹಿಟ್ಟನ್ನು ಬಡಿಯುವುದಕ್ಕಿಂತ ಹೆಚ್ಚಾಗಿ ಒತ್ತಿ ಒತ್ತಿ ಹಿಗ್ಗಿಸುತ್ತಿದ್ದಳು. ರೊಟ್ಟಿ ತುಸು ದಪ್ಪಗಾಗುತ್ತಿತ್ತು. ಅಪ್ಪ ಒಂದು ದಿನವೂ ಅದರ ಬಗ್ಗೆ ಮಾತೆತ್ತಲಿಲ್ಲ. ಮರುವಾರ ಅವನದೇ ರಾತ್ರಿ ಪಾಳಿ ಬಂದಾಗ ಆಚೆ ಮನೆಯಲ್ಲಿ ಕಲ್ಲಿನಲ್ಲಿ ಖಾರ ಕುಟ್ಟುವುದು ನಿಲ್ಲುತ್ತಿತ್ತು.

ಐವತ್ತು ದಾಟುವ ಹೊತ್ತಿಗೆ ಅಪ್ಪನ ಕಿವಿ ಹೋಗಿತ್ತು. ಗದ್ದಲದಿಂದ ಕೆಡುವ ಕಿವಿ ಮೊದಲು ಕಳೆದುಕೊಳ್ಳುವುದು ಸಣ್ಣ, ತೀಕ್ಷ್ಣ ಸದ್ದುಗಳನ್ನು. ಭೋಂಗಾ ಕೇಳುತ್ತಿತ್ತು, ಗುಬ್ಬಿ ಕೇಳುತ್ತಿರಲಿಲ್ಲ. ನನ್ನ ತಂಗಿ "ಸಕ್ಕರಿ" ಅಂದರೆ "ಅಕ್ಕರಿ"ಯೇನು ಎಂದು ಕೇಳುತ್ತಿದ್ದ. ಕಾರ್ಖಾನೆಯಲ್ಲಿ ಎಂಟು ತಾಸಿಗೆ 90 ಡೆಸಿಬಲ್ ಮಿತಿ ಎಂಬ ನಿಯಮವಿದೆ ಎಂದು ನನಗೆ ಗೊತ್ತಾದದ್ದು ಅವನು ನಿವೃತ್ತನಾದ ಎಷ್ಟೋ ವರ್ಷಕ್ಕೆ.

ಈಗ ಚಾಳಿಲ್ಲ. ಅದೇ ಜಾಗದಲ್ಲಿ ಏಳು ಮಹಡಿಯ ಕಟ್ಟಡ, ಮೂರನೆಯದರಲ್ಲಿ ನಾನೂ ಅವ್ವನೂ. ಸೈಲೆನ್ಸರ್ ಕಿತ್ತ ಬುಲೆಟ್, ಹಿಂದಕ್ಕೆ ಬರುವ ಕಾರಿನ ಕೀರಲು ಸಂಗೀತ, ಸಿಗ್ನಲ್ ಹಸಿರಾಗುವ ಮೊದಲೇ ಒತ್ತುವ ಹಾರ್ನ್. ಗಣಪತಿಯ ವಿಸರ್ಜನೆ ಮೆರವಣಿಗೆಯ ಡಿಜೆ ಸ್ಪೀಕರುಗಳ ಗೋಡೆ ನಮ್ಮ ಗೇಟಿನ ಮುಂದೆ ನಿಂತ ರಾತ್ರಿ ಕಪಾಟಿನಲ್ಲಿ ಸ್ಟೀಲಿನ ಲೋಟಗಳು ಗುಂಯ್‌ಗುಟ್ಟಿದವು, ಅವ್ವ ಎದೆ ಹಿಡಿದುಕೊಂಡು ಬಚ್ಚಲಮನೆಗೆ ಹೋಗಿ ಕೂತಳು. ಮೊಬೈಲಿನ ಅಳತೆ ಪಕ್ಕಾ ಅಲ್ಲ, ಆದರೂ ಅದು 100 ದಾಟಿಸಿ ತೋರಿಸಿತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಕಾರ್ಖಾನೆ ಪ್ರದೇಶಕ್ಕೇ ಹಗಲಿನ ಮಿತಿ 75. ಅಪ್ಪ ದುಡ್ಡಿಗಾಗಿ ಸಹಿಸಿದ ಸದ್ದು ಗೇಟು ದಾಟಿ ನಮ್ಮ ಮಲಗುವ ಕೋಣೆಗೇ ಬಂದಿದೆ.

ಕಾನೂನಿಗೇನೂ ಕೊರತೆಯಿಲ್ಲ. ಮಿತಿಗಿಂತ 10 ಡೆಸಿಬಲ್ ಹೆಚ್ಚಾದರೆ ಯಾರು ಬೇಕಾದರೂ ದೂರು ಕೊಡಬಹುದು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ, ಸರ್ಕಾರ ಹಬ್ಬಕ್ಕೆಂದು ಸಡಿಲಿಸಬಹುದಾದದ್ದು ವರ್ಷಕ್ಕೆ 15 ದಿನ, ಅದೂ ಹನ್ನೆರಡರವರೆಗೆ. ನಾನು 112ಕ್ಕೆ ಫೋನ್ ಮಾಡಿದ್ದೇನೆ, ಇನ್ನೂ ಮಾಡುತ್ತೇನೆ, ಎಲ್ಲರೂ ಮಾಡಬೇಕು. ಆದರೆ ಆ ಬೋರಲು ಡಬ್ಬಿಗಿದ್ದ ಮರ್ಯಾದೆಯನ್ನು ಯಾವ ನಿಯಮದಲ್ಲಿ ಬರೆಯುವುದು?

ರಾತ್ರಿ ಪಾಳಿ ಇನ್ನೂ ಇದೆ. ನಮ್ಮ ಎದುರು ಫ್ಲ್ಯಾಟಿನ ಕಲಬುರಗಿಯ ಹುಡುಗಿ ಹಿಂಜವಡಿಯ ಐಟಿ ಕಂಪನಿಯಲ್ಲಿ ಅಮೆರಿಕದ ಹೊತ್ತಿಗೆ ಕೆಲಸ ಮಾಡುತ್ತಾಳೆ. ಬೆಳಗಿನ ಆರಕ್ಕೆ ಕ್ಯಾಬ್ ಇಳಿದು ಬರುತ್ತಾಳೆ. ಕಿವಿಯಲ್ಲಿ ಮಳೆ ಸುರಿಯುವ ಸದ್ದು ಹಚ್ಚಿಕೊಂಡು ಮಲಗುತ್ತಾಳಂತೆ. ಇದನ್ನು ಕೇಳಿದ ಅವ್ವ ತುಂಬ ಹೊತ್ತು ಮಾತಾಡಲಿಲ್ಲ. ಮರುದಿನ ಹಳೆಯ ಟರ್ಕಿ ಟವೆಲ್ ಮಡಚಿ ಪರಾತದ ಕೆಳಗೆ ಹಾಸಿದಳು.

ಹೋದ ವಾರ ಹತ್ತರ ಸುಮಾರಿಗೆ ಭಂಗಾರದ, ಅಂದರೆ ಗುಜರಿ ಸಾಮಾನಿನ, ಟೆಂಪೋ ಬಂತು. ಮೇಲೆ ಭೋಂಗಾ ಕಟ್ಟಿ, ರೆಕಾರ್ಡ್ ಮಾಡಿದ ಒಂದೇ ಸಾಲನ್ನು ಬಿಡುವಿಲ್ಲದೆ ಕೂಗಿಸುವ ಟೆಂಪೋ. "ಹೋಗಿ ಹೇಳೋ" ಅಂದಳು ಅವ್ವ. ಕೆಳಗಿಳಿದು ಹೋಗಿ ಹೇಳಿದೆ: ಭಾವು, ಮೇಲೆ ಒಬ್ಬರು ರಾತ್ರಿ ಪಾಳಿ ಮುಗಿಸಿ ಮಲಗಿದ್ದಾರೆ. ಆತ ಜಗಳಕ್ಕೆ ಬರುತ್ತಾನೆಂದುಕೊಂಡಿದ್ದೆ. "ಯಾವ ಮನೆ?" ಎಂದು ಕೇಳಿದ. ಪರದೆ ಎಳೆದ ಕಿಟಕಿ ತೋರಿಸಿದೆ. ಸ್ಪೀಕರ್ ಆರಿಸಿ, ಟೆಂಪೋವನ್ನು ಹತ್ತು ಮಾರು ಮುಂದಕ್ಕೆ ತಳ್ಳಿಕೊಂಡು ಹೋಗಿ, ತನ್ನದೇ ಗಂಟಲಿನಲ್ಲಿ ಎರಡು ಸಲ "ಭಂಗಾರ್" ಎಂದು ಕೂಗಿದ. ಬೇಸಾಯದವರು ದನಗಳನ್ನು ಕರೆಯುವಂಥ ಉದ್ದನೆಯ ಕೂಗು. ತಿರುಗಿ ನೋಡಿದರೆ ಅವ್ವ ರದ್ದಿ ಪೇಪರಿನ ಕಟ್ಟು ಹಿಡಿದು ಕಿಟಕಿಗೆ ಬಂದಿದ್ದಳು.