ದನಿಯ ಹಿಂದಿನ ಸದ್ದು

ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1965ರಲ್ಲಿ. ನನಗಾಗ ಐದು ವರ್ಷ. ತಂದೆಯವರು ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ನೌಕರರಾಗಿದ್ದರು. ಮನೆಗೆ ರೇಡಿಯೋ ಬಂದಾಗ ಅದರ ಗುಂಡಿ ತಿರುಗಿಸುವ ಅಧಿಕಾರ ತಂದೆಯವರದು. ಅವರು ಪಾಳಿಗೆ ಹೋದಾಗ ಅಣ್ಣನದು. ನನ್ನ ಸರದಿ ಎಂದೂ ಬರಲಿಲ್ಲ. ಒಂದು ಗುಂಟೆ ಜಮೀನೂ ಇಲ್ಲದ ನಾವು ಸಂಜೆಯ ಕೃಷಿ ಕಾರ್ಯಕ್ರಮವನ್ನು ತಪ್ಪದೆ ಕೇಳುತ್ತಿದ್ದೆವು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮ ನನಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿತ್ತು.

ಹಾಗಾಗಿ 2018ರ ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಸಂಜೆ ಏಳಕ್ಕೆ ಅಡುಗೆಮನೆಯ ರೇಡಿಯೋದಿಂದ ದನ ಅಂಬಾ ಎಂದದ್ದು ಕೇಳಿ ನನ್ನ ಕಿವಿ ನಿಮಿರಿತು. ಬಿಬಿಸಿಯ 'ದಿ ಆರ್ಚರ್ಸ್' ಎಂಬ ಧಾರಾವಾಹಿ ಅದು. 1950ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ, 1951ರ ಜನವರಿ 1ರಿಂದ ಇಡೀ ದೇಶಕ್ಕೆ ಪ್ರಸಾರವಾಗುತ್ತ ಬಂದಿದೆ. ಮಹಾಯುದ್ಧ ಮುಗಿದಿದ್ದರೂ ಪಡಿತರ ಮುಗಿಯದ ಕಾಲ. ಹೆಚ್ಚು ಬೆಳೆಯಲು ರೈತರಿಗೆ ಬೇಕಾದ ತಿಳಿವಳಿಕೆಯನ್ನು ಕಥೆಯೊಳಗೆ ಬೆರೆಸಿ ಕೊಡಬೇಕೆಂದು ಗಾಡ್‌ಫ್ರೀ ಬೇಸ್ಲಿ ಎಂಬವರು ಹೂಡಿದ ಉಪಾಯವಿದು. ಆಂಬ್ರಿಡ್ಜ್ ಎಂಬ ಕಲ್ಪಿತ ಹಳ್ಳಿ, ಅಲ್ಲೊಂದು ಆರ್ಚರ್ ಮನೆತನ. ಪ್ರಯೋಗ ಪ್ರಸಾರದಲ್ಲೇ ಪೆಗ್ಗಿಯ ಪಾತ್ರಕ್ಕೆ ದನಿ ಕೊಟ್ಟಿದ್ದ ಜೂನ್ ಸ್ಪೆನ್ಸರ್, ನಡುವೆ ಕೆಲವು ವರ್ಷ ಬಿಟ್ಟರೂ, 2022ರಲ್ಲಿ ನಿವೃತ್ತರಾದಾಗ ಅವರಿಗೆ 103 ವರ್ಷ! ಅರವತ್ತಕ್ಕೇ ನಮ್ಮನ್ನು ಮನೆಗೆ ಕಳಿಸುವ ಸರ್ಕಾರದ ನೆನಪಾಗುತ್ತದೆ. ಇರಲಿ.

ಊರಿಗೆ ಮರಳಿದ ಮೇಲೂ ಮೊಬೈಲಿನಲ್ಲಿ ಅದನ್ನು ಕೇಳುವ ರೂಢಿಯಾಯಿತು. ಅರ್ಧ ಅರ್ಥವಾಗದಿದ್ದರೂ ಹಿನ್ನೆಲೆಯ ಸದ್ದುಗಳಿಂದ ಎಲ್ಲವೂ ಕಣ್ಣಿಗೆ ಕಟ್ಟುತ್ತಿತ್ತು. ಹೊಲದ ಗೇಟು ಕಿರುಗುಟ್ಟುವ ಸದ್ದನ್ನು ಅವರು ಹಳೆಯ ಇಸ್ತ್ರಿ ಮಣೆಯಿಂದ ಹೊರಡಿಸುತ್ತಿದ್ದರಂತೆ.

2020ರ ಮಾರ್ಚಿನಲ್ಲಿ ಕೊರೊನಾ ಬಂತು. ಈ ಧಾರಾವಾಹಿಗೆ ಸಾಂಕ್ರಾಮಿಕ ಹೊಸದಲ್ಲ. 2001ರಲ್ಲಿ ಬ್ರಿಟನ್ನಿನ ದನಕುರಿಗಳಿಗೆ ಕಾಲುಬಾಯಿ ಜ್ವರ ಹರಡಿದಾಗ ಆರ್ಚರ್ ಮನೆಯವರೂ ಹೊಲದ ಗೇಟು ಮುಚ್ಚಿ ಒಳಗೇ ಉಳಿದಿದ್ದರು. ಈ ಬಾರಿ ಮಾತ್ರ ಎಡವಿದರು. ಕಂತುಗಳು ವಾರಗಟ್ಟಲೆ ಮುಂಚೆ ಧ್ವನಿಮುದ್ರಣವಾಗಿದ್ದರಿಂದ, ಇಡೀ ಬ್ರಿಟನ್ ಬಾಗಿಲು ಹಾಕಿಕೊಂಡಿದ್ದರೂ ಆಂಬ್ರಿಡ್ಜಿನ ಜನ ನಿಶ್ಚಿಂತೆಯಿಂದ ಪಾನಗೃಹದಲ್ಲಿ ಸೇರುತ್ತಿದ್ದರು. ಮೇ 4ರಿಂದ ಮೂರು ವಾರ ಹಳೆಯ ಕಂತುಗಳನ್ನೇ ಹಾಕಿದರು. ನಮ್ಮ ದೂರದರ್ಶನ ರಾಮಾಯಣವನ್ನು ಮತ್ತೆ ತೋರಿಸಲಿಲ್ಲವೇ, ಹಾಗೆ. ಮೇ 25ರಿಂದ ಹೊಸ ಕಂತುಗಳು ಬಂದವು. ಆದರೆ ನಟರು ತಮ್ಮ ತಮ್ಮ ಮನೆಗಳಲ್ಲೇ ಕುಳಿತು ಮುದ್ರಿಸಿದ ಸ್ವಗತಗಳು ಅವು. ಒಬ್ಬರ ಮಾತಿಗೆ ಇನ್ನೊಬ್ಬರ ಉತ್ತರವಿಲ್ಲ. ಪ್ರತಿಯೊಬ್ಬರೂ ತಮ್ಮ ಮನಸ್ಸಿನೊಳಗಿನದನ್ನು ನಮಗೆ ಹೇಳುತ್ತಾರೆ, ಪಕ್ಕದ ಕೋಣೆಯವರಿಗೆ ಹೇಳುವುದಿಲ್ಲ. ಬಹಳಷ್ಟು ಕೇಳುಗರು ಗೊಣಗಿದರು. ನಾನೂ ಗೊಣಗಿದೆ. ಊರೇ ಕಾಣೆಯಾಗಿ ಬರೀ ದನಿಗಳು ಉಳಿದಂತಿತ್ತು. ಸಮೂಹ ದೃಶ್ಯಗಳು ಮರಳಲು ಬಹಳ ಕಾಲ ಹಿಡಿಯಿತು. ಆದರೂ ನಿಲ್ಲಿಸಿಬಿಡುವುದಕ್ಕಿಂತ ಹೀಗೆ ಕುಂಟುತ್ತ ನಡೆದದ್ದೇ ಸರಿ ಎಂದು ಈಗ ಅನ್ನಿಸುತ್ತದೆ.

ನಾನು ಸೇವೆಯಿಂದ ನಿವೃತ್ತನಾದದ್ದೂ ಅದೇ ಮೇ ಕೊನೆಯಲ್ಲಿ. ಹಾರವಿಲ್ಲ, ಭಾಷಣವಿಲ್ಲ. ನಾನು ಶಿವಮೊಗ್ಗದಲ್ಲಿ, ಅಣ್ಣ ಭದ್ರಾವತಿಯಲ್ಲಿ. ನಡುವೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಅತ್ತಿಗೆ ತೀರಿಕೊಂಡ ಮೇಲೆ ಅವನು ಒಬ್ಬನೇ. ದಿನವೂ ಸಂಜೆ ಫೋನು ಮಾಡುತ್ತಿದ್ದೆ. ಅವನ ದನಿಯ ಹಿಂದೆ ಭದ್ರಾವತಿ ಆಕಾಶವಾಣಿ ಜೋರಾಗಿ ಹಾಡುತ್ತಿರುತ್ತಿತ್ತು.

"ಅಣ್ಣ, ಸ್ವಲ್ಪ ಸಣ್ಣಗೆ ಮಾಡು, ನಿನ್ನ ಮಾತೇ ಕೇಳಿಸ್ತಿಲ್ಲ."

"ಸಣ್ಣಗೆ ಮಾಡಿದ್ರೆ ನನಗೆ ಅದು ಕೇಳಿಸಲ್ವಲ್ಲೋ!"

ಎರಡನೆಯ ಅಲೆ ಬಂದ 2021ರ ಮೇ ತಿಂಗಳ ಒಂದು ಸಂಜೆ ಅವನ ದನಿಯ ಹಿಂದೆ ಏನೂ ಇರಲಿಲ್ಲ. ರೇಡಿಯೋ ಹಾಕಿಲ್ಲವೇ ಎಂದು ಕೇಳಿದೆ. "ಸೆಲ್ ಮುಗಿದಿದೆ ಕಣೋ. ಅಂಗಡಿ ಎಲ್ಲಿ ತೆಗೆದಿದ್ದಾರೆ? ನಾನು ಚೆನ್ನಾಗಿದ್ದೀನಿ" ಎಂದ. ಮೇಜಿನ ಖಾನೆಯಲ್ಲಿ ಯಾವಾಗಲೂ ನಾಲ್ಕು ಹೊಸ ಸೆಲ್ಲು ಇಟ್ಟಿರುವ ಮನುಷ್ಯ ಅವನು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ರಾತ್ರಿ ಸುಮ್ಮನೆ ಮಲಗಿದೆ. ಲಾಕ್‌ಡೌನು, ಪೊಲೀಸರು, ನನ್ನ ರಕ್ತದೊತ್ತಡ ಎಂದು ಕಾರಣಗಳನ್ನು ಎಣಿಸಿಕೊಂಡೆ. ನಿದ್ರೆ ಬರಲಿಲ್ಲ ಎಂದರೆ ಸುಳ್ಳಾದೀತು, ಬಂತು.

ಬೆಳಿಗ್ಗೆ ಅವನ ಬೀದಿಯಲ್ಲೇ ಇರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ. ಅವನು ಗೇಟಿನಾಚೆ ನಿಂತು ಕೂಗಿದರೆ ಅಣ್ಣ ಬಾಗಿಲವರೆಗೂ ನಡೆಯಲಾರದೆ ಗೋಡೆ ಹಿಡಿದು ನಿಂತಿದ್ದನಂತೆ. ನಾಲ್ಕು ದಿನದಿಂದ ಜ್ವರ. ಆ ಹುಡುಗನೇ ಓಡಾಡಿ ಆಂಬುಲೆನ್ಸು ತರಿಸಿದ. ಮಧ್ಯಾಹ್ನದ ಹೊತ್ತಿಗೆ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಹಾಸಿಗೆ ದೊರೆಯಿತು. ಹನ್ನೊಂದು ದಿನ ಅಲ್ಲಿದ್ದ. ನನ್ನ ಮನೆಯಿಂದ ಆಸ್ಪತ್ರೆ ನಡಿಗೆಯ ದೂರ. ಆದರೂ ಒಳಗೆ ಹೋಗಿ ನೋಡಲಾಗಲಿಲ್ಲ.

ಮನೆಗೆ ಬಂದ ಮೇಲೆ ಕೇಳಿದೆ, ಯಾಕೆ ಹೇಳಲಿಲ್ಲವೆಂದು. "ಹೇಳಿದ್ರೆ ನೀನು ಹೊರಟು ಬರ್ತಿದ್ದೆಯಲ್ಲೋ, ಅದಕ್ಕೆ" ಎಂದ. ಒಂದು ರಾತ್ರಿ ನಾನು ಸುಮ್ಮನಿದ್ದದ್ದನ್ನು ಅವನಿಗೆ ಇನ್ನೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಅವನು ಇದನ್ನೆಲ್ಲ ಓದುವವನಲ್ಲ.

ಅವನಿಗೆ ಈಗಲೂ ನಾಲ್ಕು ಮಾತಾಡಿದರೆ ಏದುಸಿರು. ಅದಕ್ಕೇ ಫೋನಿನಲ್ಲಿ ಅವನಿಗಿಂತ ರೇಡಿಯೋದ ಮಾತೇ ಹೆಚ್ಚು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಕೊಳೆರೋಗದ ವಿಷಯ ಬರುತ್ತಿತ್ತು. ಇಬ್ಬರೂ ಮಾತು ಬಿಟ್ಟು ಕೊನೆಯವರೆಗೂ ಕೇಳಿದೆವು.