ಅರ್ಥ ಕೇಳುವ ಹಕ್ಕು

ನಮ್ಮೂರಿನ ಸೈಕಲ್ ಅಂಗಡಿಯಲ್ಲಿ ‘ಸಲ್ಯೂಷನ್’ ಎಂದರೆ ಟ್ಯೂಬಿನ ತೂತಿಗೆ ಹಚ್ಚುವ ಅಂಟು. ರಸಾಯನಶಾಸ್ತ್ರದ ಮೇಷ್ಟ್ರಿಗೆ ಅದು ದ್ರಾವಣ, ಗಣಿತದ ಮೇಷ್ಟ್ರಿಗೆ ಲೆಕ್ಕದ ಉತ್ತರ. ನಾಲ್ಕನೆಯ ಸಲ್ಯೂಷನ್ ನನಗೆ ಎದುರಾದದ್ದು ದೊಡ್ಡಪ್ಪನ ಮಗನ ಹಾರ್ಡ್‌ವೇರ್ ಅಂಗಡಿಯಲ್ಲಿ. ಟೈ ಕಟ್ಟಿದ್ದ ಯುವಕನೊಬ್ಬ ಲ್ಯಾಪ್‌ಟಾಪ್ ತೆರೆದು, ತಮ್ಮ ಕಂಪೆನಿಯದು ‘ಎಂಡ್ ಟು ಎಂಡ್ ಎಂಟರ್‌ಪ್ರೈಸ್ ಸಲ್ಯೂಷನ್’ ಎಂದ. ಸ್ಕೇಲಬಲ್ ಎಂದ, ಸೀಮ್‌ಲೆಸ್ ಎಂದ, ರೋಬಸ್ಟ್ ಎಂದ. ಭಾಯಿಜಾನ್ ಸಹನೆಯಿಂದ ಎಲ್ಲವನ್ನೂ ಕೇಳಿ, “ಸರಿ ಕಣಪ್ಪಾ, ಯಾರ ಬಾಕಿ ಎಷ್ಟು ಅಂತ ಇದು ತೋರಿಸುತ್ತಾ?” ಎಂದರು.

“ಅದಕ್ಕೆ ಬೇರೆ ಮಾಡ್ಯೂಲ್ ತಗೋಬೇಕು ಸರ್.”

ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿದ ನನಗೆ ಪರಭಾಷೆಯ ಪದಗಳ ಮೇಲೆ ಮುನಿಸಿಲ್ಲ. ಭಾಯಿಜಾನ್ ಕೇಳಿದ ‘ಬಾಕಿ’ಯೇ ಹೊರಗಿನಿಂದ ಬಂದದ್ದು. ಜಮಾ, ಖರ್ಚು, ವಸೂಲಿ, ರಸೀದಿ, ದಾಖಲೆ ಇವೆಲ್ಲವೂ ಅರಬಿ, ಫಾರಸಿ ಮೂಲದವು. ಆದರೆ ಅಕ್ಷರ ಬಾರದ ರೈತನೂ ಬಾಕಿ ಎಂದರೇನೆಂದು ಬಲ್ಲ. ಪ್ರತಿಯೊಂದರ ಹಿಂದೆಯೂ ಬೆರಳಿಟ್ಟು ತೋರಿಸಬಹುದಾದ ಸಂಗತಿ ಇದ್ದುದರಿಂದಲೇ ಅವು ಕನ್ನಡವಾದವು.

ತಂತ್ರಾಂಶದ ಪದಗಳೂ ಮೊದಲು ಹಾಗೆಯೇ ಇದ್ದವು. 1960ರ ದಶಕದಲ್ಲಿ ಕಾರ್ಖಾನೆಗೆ ಯಾವ ಸಾಮಗ್ರಿ ಎಷ್ಟು, ಯಾವಾಗ ಬೇಕೆಂದು ಲೆಕ್ಕ ಹಾಕುವ ವ್ಯವಸ್ಥೆಗೆ ‘ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್’ ಎಂದರು. ಹೆಸರು ಹೇಳಿದ್ದನ್ನೇ ಅದು ಮಾಡುತ್ತಿತ್ತು. ಮುಂದೆ ಹಣ, ನೌಕರರು, ಮಾರಾಟ ಎಲ್ಲವೂ ಸೇರಿದಾಗ 1990ರಲ್ಲಿ ಅಮೆರಿಕದ ಗಾರ್ಟ್‌ನರ್ ಸಂಸ್ಥೆ ‘ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್’, ಅಂದರೆ ಇ.ಆರ್.ಪಿ. ಎಂಬ ಹೆಸರಿಟ್ಟಿತು. ಹೆಸರಿನಲ್ಲಿ ಯೋಜನೆ ಇದ್ದರೂ ದಿನನಿತ್ಯ ಅದರಲ್ಲಿ ನಡೆಯುವುದು ಹೆಚ್ಚಾಗಿ ವ್ಯವಹಾರದ ದಾಖಲಾತಿ. ತಂತ್ರಾಂಶವನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಕೊಡುವುದಕ್ಕೆ 1990ರ ದಶಕದ ಕೊನೆಯಲ್ಲಿ ಎ.ಎಸ್.ಪಿ. ಎಂಬ ಹೆಸರಿತ್ತು. ಆಮೇಲೆ ‘ಸಾಫ್ಟ್‌ವೇರ್ ಆ್ಯಸ್ ಎ ಸರ್ವೀಸ್’ ಬಂತು, ನಂತರ ‘ಕ್ಲೌಡ್’. ಒಳಗಿನ ಏರ್ಪಾಟು ಬದಲಾಗಿದೆ ನಿಜ. ಆದರೆ ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಬದಲಾಗಿಲ್ಲ: ನನ್ನ ಲೆಕ್ಕ ಯಾರ ಕಂಪ್ಯೂಟರಿನಲ್ಲಿದೆ? ನಾಳೆ ನಾನು ಬಾಡಿಗೆ ನಿಲ್ಲಿಸಿದರೆ ಅದು ನನ್ನ ಕೈಗೆ ಹೇಗೆ ಬರುತ್ತದೆ? ಮೋಡ ಎಂದುಬಿಟ್ಟರೆ ಆ ಕಂಪ್ಯೂಟರಿಗೂ ಒಬ್ಬ ಒಡೆಯನಿದ್ದಾನೆ ಎಂಬುದೇ ಮರೆತುಹೋಗುತ್ತದೆ.

ಇದು ನಕ್ಕು ಬಿಡುವ ವಿಷಯವಲ್ಲ. ಬ್ರಿಟನ್ನಿನ ಅಂಚೆ ಸಂಸ್ಥೆ 1999ರಿಂದ ತನ್ನ ಶಾಖೆಗಳಲ್ಲಿ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆಯನ್ನು ತಂದಿತು. ಅದನ್ನು ಒದಗಿಸಿದ್ದು ಫುಜಿತ್ಸು. ಇಲ್ಲದ ಕೊರತೆಯನ್ನು ಅದು ತೋರಿಸತೊಡಗಿದಾಗ, ಯಂತ್ರದ ಲೆಕ್ಕವೇ ತಪ್ಪೆಂದು ಉಪ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದವರು ಮೊರೆಯಿಟ್ಟರು. ವ್ಯವಸ್ಥೆ ‘ರೋಬಸ್ಟ್’ ಆಗಿದೆ ಎಂದು ಸಂಸ್ಥೆ ವರ್ಷಗಟ್ಟಲೆ ಹೇಳುತ್ತಲೇ ಇತ್ತು. 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆಂದು ತೀರ್ಮಾನವಾಯಿತು. ಕೆಲವರು ಜೈಲು ಸೇರಿದರು, ಕೆಲವರು ಇಲ್ಲದ ಬಾಕಿಯನ್ನು ತುಂಬಿ ಮನೆಮಠ ಕಳೆದುಕೊಂಡರು. ಆ ವ್ಯವಸ್ಥೆಯ ಮೊದಲ ಆವೃತ್ತಿಗೆ ಆ ಪದ ಕಿಂಚಿತ್ತೂ ಸಲ್ಲದೆಂದು ಲಂಡನ್ನಿನ ಹೈಕೋರ್ಟ್ ಹೇಳಿದ್ದು 2019ರಲ್ಲಿ. ವಿಶೇಷ ಕಾನೂನು ತಂದು ತೀರ್ಪುಗಳನ್ನು ಒಟ್ಟಾಗಿ ರದ್ದುಪಡಿಸಿದ್ದು 2024ರಲ್ಲಿ. ಅಷ್ಟರಲ್ಲಿ ಹಲವರು ಕಳಂಕ ಹೊತ್ತೇ ಕಣ್ಣು ಮುಚ್ಚಿದ್ದರು.

ಕಥೆಯಲ್ಲಿ ಒಂದು ಪದ ಮಸುಕಾದರೆ ಓದುಗ ಪುಟ ತಿರುವಿ ಮುಂದೆ ಹೋಗುತ್ತಾನೆ. ಲೆಕ್ಕದಲ್ಲಿ ಮಸುಕಾದರೆ ಯಾರೋ ಬಡಪಾಯಿ ದಂಡ ತೆರಬೇಕಾಗುತ್ತದೆ. ಆದ್ದರಿಂದ ತಂತ್ರಾಂಶ ಮಾರಲು ಬಂದವರಿಗೆ ಮರ್ಯಾದೆಯಿಂದ ಚಹಾ ಕೊಡೋಣ. ನಿನ್ನೆಯ ಬಿಲ್ಲು ಪುಸ್ತಕವನ್ನು ಮುಂದಿಟ್ಟು, ಇದನ್ನು ಹಾಕಿ ತೋರಿಸಿ ಎನ್ನೋಣ. ಲೆಕ್ಕ ತಪ್ಪಿದರೆ ಹೊಣೆ ಯಾರೆಂದು ಕಾಗದದಲ್ಲಿ ಬರೆಸಿಕೊಳ್ಳೋಣ. ಅಂಗಡಿಯ ಗುಮಾಸ್ತನಿಗೆ ತಿಳಿಯುವ ಮಾತಿನಲ್ಲಿ ಹೇಳಲಾಗದ ವಸ್ತುವಿಗೆ ಹಣ ಕೊಡುವ ಆತುರ ನಮಗೇಕೆ?